ಬ್ಯಾಡಗಿ ಮೆಣಸಿನಕಾಯಿ ವೆಬ್‌ಸೈಟ್: ನಲವತ್ತು ಲೇಖನ ಹಾಕಿದರೂ ಗೂಗಲ್‌ನಲ್ಲಿ ಮೇಲೆ ಬರ್ತಿಲ್ಲ, ಏನು ಬರೆಯಲಿ?

ಕಡ್ಡಿ_ಡಬ್ಬಿ, ಹಾವೇರಿ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಅಜ್ಜನ ಕಾಲದಿಂದ ದಲಾಲಿ ಅಂಗಡಿ ಇದೆ. ಎರಡು ವರ್ಷದ ಹಿಂದೆ, ಮನೆಮನೆಗೂ ಕಳಿಸೋಣ ಅಂತ ನಾನು ಒಂದು ವೆಬ್‌ಸೈಟ್ ಮಾಡಿಸಿದೆ. ಅರ್ಧ ಕೆಜಿ, ಒಂದು ಕೆಜಿ ಪ್ಯಾಕೆಟ್. ಬ್ಯಾಡಗಿಯ ಎರಡು ಬಗೆಯಾದ ಕಡ್ಡಿ, ಡಬ್ಬಿ, ಆಮೇಲೆ ತೊಟ್ಟು ತೆಗೆದದ್ದು, ಪುಡಿ. ಇಷ್ಟೇ ಐಟಂ.

ಮಾಲು ಚೆನ್ನಾಗಿದೆ. ಒಮ್ಮೆ ತಗೊಂಡವರು ಮತ್ತೆ ತಗೋತಾರೆ. ಆದರೆ ಹೊಸಬರು ಬರೋದು ಬಹಳ ಕಮ್ಮಿ. ಹೋದ ವರ್ಷ ಒಂದು ಏಜೆನ್ಸಿಗೆ ತಿಂಗಳಿಗೆ ಎಂಟು ಸಾವಿರದ ಹಾಗೆ ಆರು ತಿಂಗಳು ಕೊಟ್ಟೆ. ಅವರು ನಲವತ್ತು ಲೇಖನ ಹಾಕಿದರು. 'ಬೆಂಗಳೂರಿನಲ್ಲಿ ಉತ್ತಮ ಬ್ಯಾಡಗಿ ಮೆಣಸಿನಕಾಯಿ', 'ಮೈಸೂರಿನಲ್ಲಿ ಉತ್ತಮ ಬ್ಯಾಡಗಿ ಮೆಣಸಿನಕಾಯಿ', ಹೀಗೆ. ಊರಿನ ಹೆಸರು ಬಿಟ್ಟರೆ ಒಳಗೆ ಎಲ್ಲ ಒಂದೇ. ಮೊದಲ ಎರಡು ತಿಂಗಳು ಸ್ವಲ್ಪ ಜನ ಬಂದರು. ಆಮೇಲೆ ಮೊದಲಿಗಿಂತಲೂ ಕೆಳಗೆ ಹೋಯಿತು. ಈಗ ಅಂಗಡಿ ಹೆಸರು ಹಾಕಿ ಹುಡುಕಿದರೆ ಮಾತ್ರ ಸಿಗುತ್ತೆ. 'ಏನಾತೋ ನಿನ್ನ ವೆಬ್‌ಸೈಟು' ಅಂತ ಅಪ್ಪ ದಿನಾ ಊಟಕ್ಕೆ ಕೂತಾಗ ಕೇಳ್ತಾರೆ.

ಒಳ್ಳೇ ಕಂಟೆಂಟ್ ಬರೆಯಿರಿ ಅಂತ ಎಲ್ಲರೂ ಹೇಳ್ತಾರೆ. ಒಳ್ಳೇದು ಅಂದ್ರೆ ಯಾವುದು? ಎಷ್ಟು ಪದ ಇರಬೇಕು? ವಾರಕ್ಕೆ ಎಷ್ಟು ಹಾಕಬೇಕು? ಮೆಣಸಿನಕಾಯಿ ಬಗ್ಗೆ ಬರೆಯೋಕೆ ಅಷ್ಟೊಂದು ಏನಿದೆ? ತಿಳಿದವರು ದಯವಿಟ್ಟು ಹೇಳಿ.

ಗಾಣದಮನೆ, ತಿಪಟೂರು

ನಮ್ಮದು ಮರದ ಗಾಣ. ಕೊಬ್ಬರಿ, ಕಡಲೆಕಾಯಿ, ಎಳ್ಳು, ಹುಚ್ಚೆಳ್ಳು ಆಡಿಸ್ತೀವಿ. ಗಾಣ ನನ್ನ ಯಜಮಾನರದ್ದು, ವೆಬ್‌ಸೈಟ್ ನನ್ನದು. ನಾನು ಕಂಪ್ಯೂಟರ್ ಓದಿದವಳಲ್ಲ. ಮಾಡ್ತಾ ಮಾಡ್ತಾ ಕಲಿತದ್ದನ್ನು ಹೇಳ್ತೀನಿ.

ಶುರುವಿನಲ್ಲಿ ನಾನೂ ಅಲ್ಲಿ ಇಲ್ಲಿ ನೋಡಿ ಬರೆದೆ. 'ಕೊಬ್ಬರಿ ಎಣ್ಣೆಯ ಹತ್ತು ಪ್ರಯೋಜನಗಳು', 'ಗಾಣದ ಎಣ್ಣೆ ಯಾಕೆ ಶ್ರೇಷ್ಠ'. ಮೂವತ್ತು ಪುಟ ಆಗಿತ್ತು. ಅದರಲ್ಲಿ ಇದ್ದ ಒಂದು ಮಾತೂ ನಮ್ಮ ಗಾಣದಿಂದ ಬಂದದ್ದಲ್ಲ. ಅದನ್ನೇ ಸಾವಿರ ಜನ ಬರೆದಿದ್ದಾರೆ. ಹಾಗಿದ್ದ ಮೇಲೆ ಗೂಗಲ್ ನಮ್ಮದನ್ನೇ ಯಾಕೆ ಮೇಲೆ ತರಬೇಕು, ಅಲ್ವಾ?

ಒಂದು ಡಿಸೆಂಬರ್‌ನಲ್ಲಿ ಫೋನ್ ಮೇಲೆ ಫೋನ್ ಬಂತು. 'ಅಕ್ಕ, ಎಣ್ಣೆ ಗಟ್ಟಿಯಾಗಿದೆ. ವನಸ್ಪತಿ ಬೆರೆಸಿದ್ದೀರಾ?' ಬೆಂಗಳೂರಿನಿಂದ, ಹಾಸನದಿಂದ, ಮಡಿಕೇರಿಯಿಂದ. ಎಲ್ಲರಿಗೂ ಒಂದೇ ಉತ್ತರ ಹೇಳಿ ಹೇಳಿ ಗಂಟಲು ಹೋಯಿತು. ಆಗ ಮಗಳು ಹೇಳಿದಳು, 'ಅಮ್ಮ, ಇದನ್ನೇ ಬರೆದು ಹಾಕು, ಲಿಂಕ್ ಕಳಿಸಿದರಾಯಿತು' ಅಂತ.

ಮಾರನೇ ದಿನ ಬೆಳಿಗ್ಗೆ ಆರು ಗಂಟೆಗೆ ಅಡುಗೆಮನೆ ಕಟ್ಟೆ ಮೇಲೆ ಒಂದು ಗಾಜಿನ ಬಾಟಲಿ ಎಣ್ಣೆ, ಪಕ್ಕದಲ್ಲಿ ಒಂದು ಥರ್ಮಾಮೀಟರ್ ಇಟ್ಟೆ. 17 ಡಿಗ್ರಿ ಇತ್ತು. ಎಣ್ಣೆ ಮೇಣದಬತ್ತಿಯ ಹಾಗೆ ಬೆಳ್ಳಗೆ, ಗಟ್ಟಿ. ಫೋಟೋ ತೆಗೆದೆ. ಒಂಬತ್ತಕ್ಕೆ ಮತ್ತೊಂದು. ಹನ್ನೊಂದೂವರೆಗೆ ನೋಡಿದರೆ ಗಾಜಿನ ಅಂಚಿನಲ್ಲಿ ಕರಗಿ ತಿಳಿಯಾಗಿದೆ, ನಡುವೆ ಬಿಳಿ ಗಡ್ಡೆ ಹಾಗೇ ನಿಂತಿದೆ. ಅದರದ್ದೂ ಫೋಟೋ. ಇನ್ನೊಂದು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಎಷ್ಟು ಹೊತ್ತಿಗೆ ಕರಗುತ್ತೆ ಅಂತ ಗಡಿಯಾರ ನೋಡಿ ಬರೆದೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತೆ, ಅದು ಅದರ ಗುಣ ಅಂತ ಹೇಳಿದೆ.

ಅದರ ಜೊತೆಗೆ ಇನ್ನೊಂದು ಮಾತನ್ನೂ ಬರೆದೆ. ಗಟ್ಟಿಯಾಯಿತು ಅಂದ ಮಾತ್ರಕ್ಕೆ ಎಣ್ಣೆ ಶುದ್ಧ ಅಂತ ಹೇಳೋಕಾಗಲ್ಲ, ರಿಫೈನ್ಡ್ ಕೊಬ್ಬರಿ ಎಣ್ಣೆಯೂ ಹೀಗೇ ಗಟ್ಟಿಯಾಗುತ್ತೆ ಅಂತ. ಯಜಮಾನರು 'ಇದನ್ನ್ಯಾಕೆ ಬರೀತೀಯ, ವ್ಯಾಪಾರಕ್ಕೆ ಹೊಡೆತ' ಅಂದರು. ನಿಜ ಅಲ್ವಾ ಅಂತ ಬಿಟ್ಟೆ. ಆಮೇಲೆ ಫೋನ್ ಮಾಡಿದ ಎಷ್ಟೋ ಜನ ಆ ಒಂದು ಸಾಲು ಓದಿಯೇ ನಿಮ್ಮ ಮೇಲೆ ನಂಬಿಕೆ ಬಂತು ಅಂದಿದ್ದಾರೆ.

ಆ ಪುಟ ಮೊದಲ ಎರಡು ತಿಂಗಳು ಎಲ್ಲೂ ಕಾಣಲಿಲ್ಲ. ಮುಂದಿನ ಚಳಿಗಾಲ ಬರೋ ಹೊತ್ತಿಗೆ ಕನ್ನಡದಲ್ಲಿ ಹುಡುಕಿದವರಿಗೆ ಮೊದಲ ಮೂರರಲ್ಲಿ ಬರ್ತಿತ್ತು. ಈಗಲೂ ನಮ್ಮ ಸೈಟಿಗೆ ಹೊಸಬರು ಜಾಸ್ತಿ ಬರೋದು ಅದರಿಂದಲೇ. ಮೂವತ್ತು ಪುಟದಲ್ಲಿ ಇಪ್ಪತ್ತೆರಡನ್ನು ನಾನೇ ತೆಗೆದುಹಾಕಿದೆ. ಕೂದಲು, ಥೈರಾಯ್ಡ್, ತೂಕ ಅಂತ ಬರೆದಿದ್ದೆಲ್ಲ ಹೋಯಿತು. ಆರೋಗ್ಯದ ವಿಷಯದಲ್ಲಿ ಗೂಗಲ್ ಬೇರೆ ವಿಷಯಗಳಿಗಿಂತ ಜಾಸ್ತಿ ಕಟ್ಟುನಿಟ್ಟು. ಅದು ಬಿಡಿ, ನನಗೆ ಗೊತ್ತಿಲ್ಲದ ವೈದ್ಯವನ್ನು ನಾನು ಹೇಳಬಾರದು.

ನಿಮಗೆ ನಾನು ಹೇಳೋದು ಇಷ್ಟು. ಫೋನ್ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಡಿ. ಒಂದು ತಿಂಗಳು ಗಿರಾಕಿ ಏನು ಕೇಳ್ತಾರೋ ಅದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ. ವಾಟ್ಸಾಪ್‌ನಲ್ಲಿ ಕೇಳಿದ್ದನ್ನೂ ಸೇರಿಸಿ. ಪದ ಎಷ್ಟು ಅಂತ ಲೆಕ್ಕ ಬೇಡ. ಉತ್ತರ ಮುಗಿದಾಗ ಬರಹ ಮುಗೀತು. ವಾರಕ್ಕೆ ಇಷ್ಟು ಅಂತಲೂ ಇಲ್ಲ. ನಾನು ತಿಂಗಳಿಗೆ ಒಂದು ಬರೆದರೆ ಹೆಚ್ಚು.

ಮೆಣಸಿನಕಾಯಿ ಬಗ್ಗೆ ಏನಿದೆ ಅಂತೀರಲ್ಲ. ನಾನು ನಿಮ್ಮ ಗಿರಾಕಿಯ ಜಾಗದಲ್ಲಿ ನಿಂತು ಕೇಳ್ತೀನಿ. ಬ್ಯಾಡಗಿ ಇಷ್ಟು ಕೆಂಪಗಿದ್ದರೂ ಖಾರ ಯಾಕೆ ಕಮ್ಮಿ? ಸಾರಿನ ಪುಡಿಗೆ ಕಡ್ಡಿನಾ ಡಬ್ಬಿನಾ? ಖಾರ ಬೇಕು ಅಂದ್ರೆ ಗುಂಟೂರು ಮೆಣಸಿನಕಾಯಿ ಎಷ್ಟು ಬೆರೆಸಬೇಕು? ಮಳೆಗಾಲದಲ್ಲಿ ಹುಳ ಬೀಳದ ಹಾಗೆ ಹೇಗಿಡಬೇಕು? ತೊಟ್ಟು ತೆಗೆದದ್ದಕ್ಕೆ ಬೆಲೆ ಯಾಕೆ ಜಾಸ್ತಿ? ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟ ಹಳೇ ಕಾಯಿ ಅಂತ ಹೇಗೆ ಗೊತ್ತಾಗುತ್ತೆ? ಇದರಲ್ಲಿ ಒಂದಕ್ಕೂ ನನಗೆ ಸರಿಯಾದ ಉತ್ತರ ಎಲ್ಲೂ ಸಿಕ್ಕಿಲ್ಲ. ನಿಮ್ಮ ಅಪ್ಪನಿಗೆ ಎಲ್ಲ ಗೊತ್ತಿರುತ್ತೆ. ಅವರನ್ನು ಅಂಗಡಿಯಲ್ಲಿ ಚೀಲದ ಮುಂದೆ ನಿಲ್ಲಿಸಿ ಮಾತಾಡಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಊಟದ ಹೊತ್ತಿಗೆ ಅಲ್ಲ, ಕೈಯಲ್ಲಿ ಕಾಯಿ ಇದ್ದಾಗ. ಕೈಯಲ್ಲಿ ಮಾಲು ಇದ್ದರೆ ಮಾತು ತಾನಾಗೇ ಬರುತ್ತೆ.

ಹುಬ್ಬಳ್ಳಿ_ಕೋಡ್

ಗಾಣದಮನೆ ಅಕ್ಕ ಹೇಳಿದ್ದು ಸರಿ. ನಾನು ವೆಬ್‌ಸೈಟ್ ಕೆಲಸ ಮಾಡುವವನು, ನಿಮ್ಮ ಸೈಟ್ ತೆರೆದು ಅರ್ಧ ಗಂಟೆ ನೋಡಿದೆ.

ಮೊದಲು ಆ ನಲವತ್ತು ಪುಟ. ಊರಿನ ಹೆಸರು ಮಾತ್ರ ಬದಲಿಸಿ ಒಂದೇ ಬರಹ ಹಾಕೋದನ್ನು ಗೂಗಲ್ ತನ್ನ ಸ್ಪ್ಯಾಮ್ ನಿಯಮಗಳಲ್ಲಿ ಡೋರ್‌ವೇ ಅಂತ ಹೆಸರಿಟ್ಟು ಬರೆದಿದೆ. ಸಾರವಿಲ್ಲದ ಪುಟಗಳನ್ನು ಕೆಳಗಿಳಿಸುವ ಕೆಲಸ ಇವತ್ತಿನದಲ್ಲ. 2011ರಲ್ಲಿ ಪಾಂಡಾ ಅನ್ನುವ ಬದಲಾವಣೆ ಬಂದಾಗಿನಿಂದ ನಡೆದಿದೆ. 2022ರ ಆಗಸ್ಟ್‌ನಲ್ಲಿ, ಓದುವವರಿಗಾಗಿ ಬರೆದದ್ದು ಯಾವುದು, ಹುಡುಕಾಟದಲ್ಲಿ ಮೇಲೆ ಬರಲೆಂದೇ ಬರೆದದ್ದು ಯಾವುದು ಅಂತ ನೋಡುವ ಇನ್ನೊಂದು ವ್ಯವಸ್ಥೆ ಬಂತು. 2024ರ ಮಾರ್ಚ್‌ನಲ್ಲಿ ಅದನ್ನು ಮುಖ್ಯ ವ್ಯವಸ್ಥೆಯೊಳಗೇ ಸೇರಿಸಿದರು. ಇಂಥ ಪುಟ ಸೈಟಿನಲ್ಲಿ ತುಂಬಿದ್ದರೆ ಚೆನ್ನಾಗಿರುವ ಪುಟಗಳಿಗೂ ಪೆಟ್ಟು ಬೀಳಬಹುದು. ಎಲ್ಲ ತೆಗೆಯಿರಿ. ಯಾವುದಾದರೂ ಒಂದೆರಡಕ್ಕೆ ಬೇರೆ ಸೈಟಿನಿಂದ ಲಿಂಕ್ ಇದ್ದರೆ ಅದನ್ನು ಸಂಬಂಧಪಟ್ಟ ಪುಟಕ್ಕೆ 301 ರೀಡೈರೆಕ್ಟ್ ಮಾಡಿ, ಅಂದ್ರೆ ಹಳೇ ವಿಳಾಸಕ್ಕೆ ಬಂದವರು ತಾನಾಗೇ ಹೊಸ ಪುಟಕ್ಕೆ ಹೋಗುವ ಹಾಗೆ.

ಎರಡನೇದು, ನಿಮ್ಮ ಕನ್ನಡ ಪುಟ. ಇದು ನೋಡಿ ನನಗೆ ನಿಜವಾಗಿ ಬೇಜಾರಾಯಿತು, ಯಾಕಂದ್ರೆ ಅಲ್ಲಿ ಬರಹ ಬಹಳ ಚೆನ್ನಾಗಿದೆ. ಕಾಯಿಯನ್ನು ಕಣದಲ್ಲಿ ಹೇಗೆ ಒಣಗಿಸ್ತಾರೆ ಅಂತ ಯಾರೋ ಮನಸ್ಸಿಟ್ಟು ಬರೆದಿದ್ದಾರೆ. ಆದರೆ ಅದರ ಅರ್ಧ ಭಾಗ ಫ್ಲೆಕ್ಸ್‌ಗೆ ಮಾಡಿಸಿದ ಡಿಸೈನ್, ಅಂದ್ರೆ ಬರೀ ಚಿತ್ರ. ಉಳಿದರ್ಧ ಹಳೇ ನುಡಿ ಫಾಂಟಿನ ಆಸ್ಕಿ ಅಕ್ಷರ. ಆ ಫಾಂಟ್ ಹಾಕಿರೋದರಿಂದ ನಮ್ಮ ಕಣ್ಣಿಗೆ ಕನ್ನಡ ಕಾಣುತ್ತೆ. ಗೂಗಲ್‌ಗೆ ಸಿಗೋದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರದ ರಾಶಿ. ಆ ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ನಲ್ಲಿ ಪೇಸ್ಟ್ ಮಾಡಿ ನೋಡಿ, ಗೊತ್ತಾಗುತ್ತೆ. ಅದನ್ನು ಯುನಿಕೋಡ್‌ಗೆ, ಅಂದ್ರೆ ಎಲ್ಲ ಫೋನು, ಕಂಪ್ಯೂಟರು ಕನ್ನಡ ಅಂತಲೇ ಓದುವ ಅಕ್ಷರಕ್ಕೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವೊತ್ತು ಎಲ್ಲ ಸರಿ ಬಂದಿದೆಯಾ ಅಂತ ಒಮ್ಮೆ ಓದಿ. ನಮ್ಮ ಕಡೆ ಎಷ್ಟೋ ಅಂಗಡಿಗಳ, ಸಂಘಗಳ ಸೈಟಿನಲ್ಲಿ ಇದೇ ಕಥೆ. ಇಷ್ಟು ವರ್ಷ ಬರೆದ ಒಳ್ಳೇ ಕನ್ನಡ ಹುಡುಕಾಟಕ್ಕೆ ಸಿಗದೇ ಹೋಗ್ತಿದೆ.

ಫೋಟೋಗಳು ಒಂದೊಂದೂ ಐದಾರು ಎಂಬಿ ಇವೆ. ಮೊಬೈಲಿನಲ್ಲಿ ತೆರೆಯೋ ಹೊತ್ತಿಗೆ ಗಿರಾಕಿ ವಾಪಸ್ ಹೋಗ್ತಾರೆ. ಪುಟದ ಮುಖ್ಯ ಭಾಗ ಎರಡೂವರೆ ಸೆಕೆಂಡಿನೊಳಗೆ ಕಾಣಬೇಕು ಅಂತ ಗೂಗಲ್ ಹೇಳುತ್ತೆ. ಕುಗ್ಗಿಸಿ ಹಾಕಿ. ಪುಟದ ಶೀರ್ಷಿಕೆ ಎಲ್ಲ ಕಡೆ 'ಹೋಮ್' ಅಂತ ಇದೆ, ಅದನ್ನು ಆಯಾ ಪುಟದ ವಿಷಯಕ್ಕೆ ಬದಲಿಸಿ. ಏಜೆನ್ಸಿಯವರು ಓದುಗರಿಗೆ ಕಾಣದೆ ಪುಟದ ಕೋಡಿನಲ್ಲಿರುವ ಕೀವರ್ಡ್ಸ್ ಅನ್ನೋ ಮೆಟಾ ಟ್ಯಾಗ್‌ನಲ್ಲಿ ಇನ್ನೂರು ಪದ ತುಂಬಿದ್ದಾರೆ. ರ‍್ಯಾಂಕಿಂಗ್‌ಗೆ ಅದನ್ನು ನೋಡೋದಿಲ್ಲ ಅಂತ ಗೂಗಲ್ 2009ರಲ್ಲೇ ಹೇಳಿದೆ.

ಗೂಗಲ್‌ನದೇ ಸರ್ಚ್ ಕನ್ಸೋಲ್ ಅನ್ನೋ ಸಾಧನ ಹಾಕಿಕೊಳ್ಳಿ. ಪುಕ್ಕಟೆ. ಹದಿನಾರು ತಿಂಗಳ ಲೆಕ್ಕ ಇಡುತ್ತೆ. ಜನ ಯಾವ ಪದ ಹಾಕಿದಾಗ ನಿಮ್ಮ ಪುಟ ಕಾಣಿಸಿತು, ಎಷ್ಟನೇ ಜಾಗದಲ್ಲಿ, ಎಷ್ಟು ಜನ ಒತ್ತಿದರು, ಎಲ್ಲ ಸಿಗುತ್ತೆ. ಎಂಟರಿಂದ ಇಪ್ಪತ್ತನೇ ಜಾಗದಲ್ಲಿ ಇರುವ ಹುಡುಕಾಟಗಳನ್ನು ಮೊದಲು ನೋಡಿ. ಗೂಗಲ್ ನಿಮ್ಮನ್ನು ಆಗಲೇ ಹತ್ತಿರ ಅಂದುಕೊಂಡಿದೆ, ಆದರೆ ಪುಟದಲ್ಲಿ ಉತ್ತರ ಪೂರ್ತಿ ಇಲ್ಲ ಅಂತ ಅರ್ಥ ಮಾಡಿಕೊಳ್ಳಬಹುದು. ಹೊಸದು ಬರೆಯುವ ಮೊದಲು ಅವನ್ನು ತುಂಬಿ.

ದಾದರ್_ಕನ್ನಡತಿ

ನಾನು ಬರೀ ಗಿರಾಕಿ. ಮುಂಬೈಗೆ ಬಂದು ಇಪ್ಪತ್ತು ವರ್ಷ ಆಯಿತು. ಇಲ್ಲಿ ಯಾರೂ ಬ್ಯಾಡಗಿ ಅನ್ನಲ್ಲ, ಬೇಡಗಿ ಮಿರ್ಚಿ ಅಂತಾರೆ. ಹುಡುಕುವಾಗ ನನಗೂ ಈಗ ಅದೇ ಕೈಗೆ ಬರುತ್ತೆ. ಇಂಗ್ಲಿಷಿನಲ್ಲಂತೂ ನಾಲ್ಕು ತರ ಬರೀತಾರೆ. ನಿಮ್ಮ ಪುಟದಲ್ಲಿ ಎಲ್ಲಾದರೂ ಒಂದು ಸಾಲು, 'ಮಹಾರಾಷ್ಟ್ರದಲ್ಲಿ ಬೇಡಗಿ ಅಂತ ಕರೆಯೋದು ಇದನ್ನೇ' ಅಂತ ಇದ್ದರೆ ಒಳ್ಳೇದು. ಇದೂ ಅದೂ ಬೇರೆ ಅಂದುಕೊಂಡವರು ನಮ್ಮ ಸೊಸೈಟಿಯಲ್ಲೇ ಇದ್ದಾರೆ.

ಇನ್ನೊಂದು. ಇಲ್ಲಿ ಬ್ಯಾಡಗಿ ಅಂತ ಕೊಟ್ಟದ್ದು ಒಮ್ಮೆ ನಯವಾಗಿತ್ತು, ಸುಕ್ಕೇ ಇರಲಿಲ್ಲ. ಪುಡಿ ಮಾಡಿದರೆ ಖಾರ ಜಾಸ್ತಿ, ಬಣ್ಣ ಪೇಲವ. ನೋಡಿ ಗುರುತಿಸೋದು ಹೇಗೆ ಅಂತ ದೊಡ್ಡ ಫೋಟೋ ಹಾಕಿ ಯಾರಾದರೂ ತೋರಿಸಿದರೆ ನಾನು ಅವರ ಹತ್ತಿರವೇ ತಗೋತೀನಿ.

ಕಡ್ಡಿ_ಡಬ್ಬಿ

ಎಲ್ಲರಿಗೂ ಬಹಳ ಥ್ಯಾಂಕ್ಸ್. ಹುಬ್ಬಳ್ಳಿ ಅಣ್ಣ, ಪೇಸ್ಟ್ ಮಾಡಿ ನೋಡಿದೆ. ಒಂದಕ್ಷರ ಕನ್ನಡ ಬರಲಿಲ್ಲ. ಅದನ್ನು ಬರೆದದ್ದು ನಮ್ಮ ಸೋದರಮಾವ, ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಈಗ ಇಲ್ಲ. ಆ ಪುಟ ಎರಡು ವರ್ಷದಿಂದ ಯಾರಿಗೂ ಸಿಕ್ಕಿಲ್ಲ ಅಂತ ತಿಳಿದು ಹೊಟ್ಟೆ ಉರಿಯಿತು. ಇವತ್ತು ರಾತ್ರಿಯೇ ಕೂತು ಬದಲಿಸ್ತೀನಿ.

ಅಕ್ಕ, ಎರಡು ಪ್ರಶ್ನೆ. ಕನ್ನಡದಲ್ಲಿ ಬರೆಯಲಾ, ಇಂಗ್ಲಿಷಿನಲ್ಲಾ? ಮತ್ತೆ ಈ ಎಐ ಹತ್ತಿರ ಬರೆಸಿದರೆ ತಪ್ಪಾ?

ಗಾಣದಮನೆ, ತಿಪಟೂರು

ಮಾವನವರ ಬರಹ ಮೊದಲು ಮಾಡಿ. ಅವರ ಹೆಸರನ್ನೂ ಪುಟದಲ್ಲಿ ಹಾಕಿ. ಬರೆದವರು ಯಾರು, ಅವರಿಗೂ ಆ ವಿಷಯಕ್ಕೂ ಏನು ನಂಟು ಅಂತ ಓದುಗರಿಗೆ ಗೊತ್ತಾಗಬೇಕು.

ಭಾಷೆಗೆ ಬಂದರೆ, ನಿಮ್ಮ ಗಿರಾಕಿ ಯಾವ ಭಾಷೆಯಲ್ಲಿ ಕೇಳ್ತಾರೋ ಅದು. ನಾನು ಎರಡರಲ್ಲೂ ಬರೀತೀನಿ, ಬೇರೆ ಬೇರೆ ಪುಟ. ಕನ್ನಡದಲ್ಲಿ ನಮ್ಮ ವಿಷಯಕ್ಕೆ ಬರೆಯುವವರು ಕಮ್ಮಿ, ಹಾಗಾಗಿ ಒಳ್ಳೇ ಪುಟ ಬೇಗ ಮೇಲೆ ಬಂತು. ಇಂಗ್ಲಿಷಿನದು ನಿಧಾನ. ಒಂದನ್ನು ಇನ್ನೊಂದಕ್ಕೆ ಹಾಗೇ ತಿರುಗಿಸಲ್ಲ. ಮಂಗಳೂರಿನವರು ಕೇಳೋದೇ ಬೇರೆ, ಪುಣೆಯವರು ಕೇಳೋದೇ ಬೇರೆ.

ಎಐ ಬಗ್ಗೆ ನನಗೆ ಗೊತ್ತಿರೋದು ಇಷ್ಟು. ಯಾವುದರಿಂದ ಬರೆದಿರಿ ಅನ್ನೋದಕ್ಕಿಂತ ಬರೆದದ್ದು ಹೇಗಿದೆ ಅನ್ನೋದು ಮುಖ್ಯ ಅಂತ 2023ರಲ್ಲಿ ಗೂಗಲ್ ಹೇಳಿತು. ಮೇಲೆ ಬರೋಕೆ ಅಂತಲೇ ರಾಶಿ ರಾಶಿ ಪುಟ ಹೆರೋದು ತಪ್ಪು ಅಂತ 2024ರಲ್ಲಿ ನಿಯಮ ಮಾಡಿತು. ನನ್ನ ಇಂಗ್ಲಿಷ್ ತಿದ್ದೋಕೆ ನಾನು ಬಳಸ್ತೀನಿ. ವಿಷಯ ಕೇಳೋದಿಲ್ಲ. ತಿಪಟೂರಿನಲ್ಲಿ ತೆಂಗಿನಕಾಯಿಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು ಉಂಡೆ ಕೊಬ್ಬರಿ ಮಾಡ್ತಾರೆ ಅಂತ ಅದೂ ಹೇಳಬಹುದು. ಈ ವರ್ಷ ನಮ್ಮ ಅಟ್ಟದಲ್ಲಿ ಯಾವ ಮೂಲೆಯ ಕಾಯಿ ಕೆಟ್ಟಿತು, ಯಾಕೆ ಕೆಟ್ಟಿತು ಅಂತ ನಾನೇ ಹೇಳಬೇಕು.

ಕಡ್ಡಿ_ಡಬ್ಬಿ, ನಾಲ್ಕು ತಿಂಗಳ ನಂತರ

ಏನಾಯಿತು ಅಂತ ತಿಳಿಸ್ತೀನಿ ಅಂದುಕೊಂಡಿದ್ದೆ, ಸೀಸನ್ ಗಲಾಟೆಯಲ್ಲಿ ತಡವಾಯಿತು.

ನಲವತ್ತು ಪುಟ ತೆಗೆದೆ. ಮಾವನ ಬರಹ ಯುನಿಕೋಡ್ ಆಯಿತು, ಅವರ ಹೆಸರು, ಫೋಟೋ ಹಾಕಿದೆ. ಅತ್ತೆಗೆ ತೋರಿಸಿದೆ, ಬಹಳ ಹೊತ್ತು ನೋಡಿದರು.

ಆಮೇಲೆ ಅಪ್ಪನನ್ನು ಅಕ್ಕ ಹೇಳಿದ ಹಾಗೆ ಚೀಲದ ಮುಂದೆ ನಿಲ್ಲಿಸಿದೆ. ಮೊದಲು 'ನಂದೇನು ತಗೀತಿ' ಅಂದರು. ಕೈಗೆ ನಾಲ್ಕು ಕಾಯಿ ಕೊಟ್ಟೆ. ನಲವತ್ತು ನಿಮಿಷ ಮಾತಾಡಿದರು. ಅವರ ಮಾತನ್ನು ಹಾಗೇ ಹಾಕಿದ್ದೀನಿ: 'ಕಾಯಿ ಕಿವಿ ಹತ್ರ ಹಿಡದು ಅಲ್ಲಾಡ್ಸು. ಬೀಜ ಸಪ್ಪಳ ಮಾಡಿದ್ರ ಒಣಗೇತಿ. ಮುಷ್ಟ್ಯಾಗ ಹಿಡದು ಒತ್ತು. ಬಿಟ್ಟ ಕೂಡ್ಲೆ ಉಬ್ಬಿ ಬರ್ಬೇಕು. ಒತ್ತಿದಂಗ ಕುಂತ್ರ ಇನ್ನಾ ಹಸಿ ಐತಿ, ಮನಿಗೆ ಒಯ್ದ್ರ ಬೂಷ್ಟ ಹಿಡಿತೈತಿ.' ಇದನ್ನು ನಾನು ಚಿಕ್ಕಂದಿನಿಂದ ನೋಡ್ತಾ ಇದ್ದೀನಿ. ಇದು ಬರೆಯುವ ವಿಷಯ ಅಂತ ಯಾವತ್ತೂ ಅನಿಸಿರಲಿಲ್ಲ.

ಒಟ್ಟು ಐದು ಪುಟ ಬರೆದೆ. ಜಾಸ್ತಿ ಓದ್ತಿರೋದು 'ಕಡ್ಡಿ ಯಾವುದು, ಡಬ್ಬಿ ಯಾವುದು'. ಬಿಳಿ ಟವಲ್ ಮೇಲೆ ಒಂದು ಕಡ್ಡಿ, ಒಂದು ಡಬ್ಬಿ ಪಕ್ಕಪಕ್ಕ ಇಟ್ಟು, ಅಳತೆಪಟ್ಟಿ ಇಟ್ಟು ಫೋಟೋ ತೆಗೆದೆ. ಕಡ್ಡಿ ತೆಳ್ಳಗೆ ಉದ್ದ, ಮೈತುಂಬ ಸುಕ್ಕು. ಡಬ್ಬಿ ಗಿಡ್ಡ, ದುಂಡಗೆ, ಒಳಗೆ ಬೀಜ ಜಾಸ್ತಿ. ಎರಡನ್ನೂ ಸೀಳಿ ಬೀಜ ಬೇರೆ ಮಾಡಿ ತೋರಿಸಿದೆ. ಬ್ಯಾಡಗಿಗೆ 2011ರಲ್ಲಿ ಜಿಐ (ಭೌಗೋಳಿಕ ಸೂಚಕ, ಊರಿನ ಹೆಸರಿನ ಗುರುತು) ಸಿಕ್ಕಿದ್ದು, ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಇದರಲ್ಲಿ ಕಮ್ಮಿ ಇರೋದು, ಕಾಯಿಯಿಂದ ಬಣ್ಣದ ಸಾರ ತೆಗೆಯೋಕೆ ಫ್ಯಾಕ್ಟರಿಗಳು ಇದನ್ನು ಕೊಳ್ಳೋದು, ಎಲ್ಲ ಅಲ್ಲೇ ಬಂತು. ಮಾರ್ಕೆಟಿನಲ್ಲಿ 2043, 5531 ಅನ್ನೋ ಹೈಬ್ರಿಡ್ ಕಾಯಿಯೂ ಬರುತ್ತೆ, ನಾವೂ ಅಂಗಡಿಯಲ್ಲಿ ಮಾರ್ತೀವಿ, ಆದರೆ ಪ್ಯಾಕೆಟ್ಟಿಗೆ ಹಾಕಲ್ಲ ಅಂತ ಬರೆದೆ. ಅಪ್ಪ ಅದನ್ನು ಓದಿ ಒಂದು ನಿಮಿಷ ಸುಮ್ಮನಿದ್ದು, 'ಇರ್ಲಿ, ಖರೇ ಐತಿ' ಅಂದರು. ದಾದರ್ ಅಕ್ಕ ಹೇಳಿದ ಬೇಡಗಿ ಸಾಲು, ಸುಕ್ಕಿನ ದೊಡ್ಡ ಫೋಟೋ ಎರಡೂ ಇದೆ.

ಆ ಪುಟ ಎರಡು ತಿಂಗಳು ನಲವತ್ತನೇ ಜಾಗದ ಸುತ್ತ ಇತ್ತು. ಈಗ ಕನ್ನಡದಲ್ಲಿ ಹುಡುಕಿದರೆ ನಾಲ್ಕು, ಇಂಗ್ಲಿಷಿನಲ್ಲಿ ಹದಿಮೂರು. ಹೋದ ತಿಂಗಳು ಹನ್ನೊಂದು ಹೊಸ ಆರ್ಡರ್ ಬಂತು. ಅದರಲ್ಲಿ ಏಳು ಜನ ಪುಟ ಓದಿ ಫೋನ್ ಮಾಡಿದವರು.

ನೋಟ್‌ಬುಕ್ ಫೋನ್ ಪಕ್ಕದಲ್ಲೇ ಇದೆ. ಈಗ ಅಪ್ಪನೂ ಬರೀತಾರೆ. ಮೊನ್ನೆ ಕುಂದಾಪುರದಿಂದ ಒಬ್ಬ ಅಮ್ಮ ಫೋನ್ ಮಾಡಿ, ಮಸಾಲೆಗೆ ಹುರಿಯುವಾಗ ನಿಮ್ಮ ಕಡ್ಡಿ ಬೇಗ ಕಪ್ಪಾಗುತ್ತೆ, ಡಬ್ಬಿ ಆಗಲ್ಲ, ಯಾಕೆ ಅಂತ ಕೇಳಿದರು. ಅಪ್ಪನಿಗೂ ಗೊತ್ತಾಗಲಿಲ್ಲ. ನಾವು ಕಾಯಿ ಮಾರ್ತೀವಿ, ಅವರಷ್ಟು ಹುರಿದವರಲ್ಲ. ಅವರು ಐವತ್ತು ವರ್ಷದಿಂದ ಮಸಾಲೆ ಮಾಡ್ತಿದ್ದಾರಂತೆ. ಎಷ್ಟು ಉರಿ, ಎಣ್ಣೆ ಹಾಕ್ತಾರಾ ಇಲ್ವಾ, ಯಾವಾಗ ಇಳಿಸ್ತಾರೆ, ಎಲ್ಲ ಅವರನ್ನೇ ಕೇಳಿ ಬರೆಯಲಾ ಅಕ್ಕ?

ಗಾಣದಮನೆ, ತಿಪಟೂರು

ಬರೆಯಿರಿ. ಅರ್ಧ ಕೆಜಿ ಕಡ್ಡಿ, ಅರ್ಧ ಕೆಜಿ ಡಬ್ಬಿ ತಗೊಂಡು ನೀವೇ ಕುಂದಾಪುರಕ್ಕೆ ಹೋಗಿ ಬನ್ನಿ, ಫೋನಿನಲ್ಲಿ ಕೇಳಿದರೆ ಉರಿ ಕಾಣಲ್ಲ. ಅವರ ಹೆಸರು, ಫೋಟೋ ಹಾಕಬಹುದಾ ಅಂತ ಮೊದಲೇ ಕೇಳಿಕೊಳ್ಳಿ.